ಎಂಬತ್ತನಾಲ್ಕು ಜನ ಆರಾಮ

ವಿಲೆ ಪಾರ್ಲೆ ಪೂರ್ವ
10 ಜೂನ್ 2024

ರೋಷನಬಿ,

ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದ ಎಂದು ನಿನಗೆ ಗೊತ್ತಾಗುತ್ತದೆ. ಹರಿಯುವುದಿದ್ದರೆ ಹರಿ, ಆದರೆ ಪೂರ್ತಿ ಓದಿ ಆಮೇಲೆ ಹರಿ. ಹನ್ನೆರಡು ವರ್ಷ ಒಂದೇ ಟಿ.ಬಿ. ವಾರ್ಡಿನಲ್ಲಿ ನಾನು ಸಿಸ್ಟರ್, ನೀನು ಆಯಾ. ನನ್ನ ಬೈಗುಳವನ್ನೆಲ್ಲ ನಿಂತು ಕೇಳಿದವಳಿಗೆ ಎರಡು ಪುಟ ಓದುವಷ್ಟು ತಾಳ್ಮೆ ಇದ್ದೇ ಇರುತ್ತದೆ.

ಏಳು ಸಲ ಫೋನ್ ಮಾಡಿದೆ, ಏಳು ಸಲವೂ ನೀನು ಕಟ್ ಮಾಡಿದಿ. ಪಾರ್ಲೆಯಿಂದ ಮಾಹಿಮ್‌ಗೆ ಲೋಕಲ್‌ನಲ್ಲಿ ಕಾಲು ಗಂಟೆ, ಅಲ್ಲಿಂದ ನಿನ್ನ ಮನೆಗೆ ನಡೆದರೆ ಇನ್ನೊಂದು ಕಾಲು ಗಂಟೆ. ಆದರೆ ನಿನ್ನ ಬಾಗಿಲು ಬಡಿಯುವ ಧೈರ್ಯ ನನಗಿಲ್ಲ. ಹಾಗಾಗಿ ಅರ್ಧ ಗಂಟೆಯ ದಾರಿಗೆ ಮೂರು ದಿನದ ಅಂಚೆ.

ವಿಷಯ ಹೇಳುತ್ತೇನೆ. ರಿಟೈರ್ ಆಗಿ ಸುಮ್ಮನೆ ಕೂತರೆ ನನಗೆ ಮಂಡೆ ಕೆಡುತ್ತದೆ ಎಂದು ನಿನಗೆ ಗೊತ್ತುಂಟಲ್ಲ. ಫೆಬ್ರವರಿಯಿಂದ ನಿಮ್ಮ ಧಾರಾವಿಯಲ್ಲೇ, ನೈಂಟಿ ಫೀಟ್ ರೋಡಿನ ಹತ್ತಿರ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಡಾಕ್ಟರ್ ಹರಿಣಿ ಎಂದು ಒಬ್ಬಳು ಹುಡುಗಿ, ನಮ್ಮ ಮಂಗಳೂರು ಕಡೆಯವರ ಮಗಳು, ಅಲ್ಲಿ ಒಂದು ಅಧ್ಯಯನ ನಡೆಸುತ್ತಿದ್ದಾಳೆ. ಮಾಮೂಲು ಮದ್ದಿಗೆ ಬಗ್ಗದ ಟಿ.ಬಿ.ಗೆ ಈಗ ಹೊಸ ಮಾತ್ರೆಗಳು ಬಂದಿವೆ. ಆರು ತಿಂಗಳು ನುಂಗಿದರೆ ಆಯಿತು, ಆ ಹಾಳು ಇಂಜೆಕ್ಷನ್ ಇಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ ನೋಡಿದ ಮದ್ದೇ ಇದು. ಆದರೆ ಹರಿಣಿಯ ಪ್ರಶ್ನೆ ಬೇರೆ. ದಿನವಿಡೀ ಚರ್ಮಕ್ಕೆ ಅಂಟು ಹಚ್ಚುತ್ತಾ ಅದರ ವಾಸನೆ ಕುಡಿಯುವವನಿಗೆ, ಚಹಾ ಪಾವ್‌ನಲ್ಲೇ ದಿನ ತಳ್ಳುವವಳಿಗೆ, ಮೂವತ್ತೆಂಟು ಕಿಲೋ ತೂಗುವ ಬಾಣಂತಿಗೆ ಇದೇ ಮಾತ್ರೆ, ಇದೇ ಅಳತೆ ಏನು ಮಾಡುತ್ತದೆ? "ಇವರನ್ನೆಲ್ಲ ಕೂತು ಎಣಿಸಿದವರು ಯಾರು ವಾರಿಜಕ್ಕಾ?" ಎಂದು ಕೇಳುತ್ತಾಳೆ. ಅದಕ್ಕೆ ಎಣಿಸಲು ಅವಳೇ ಕೂತಿದ್ದಾಳೆ.

ಒಟ್ಟು ಎಂಬತ್ತನಾಲ್ಕು ಜನ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಎದುರು ಕೂತು, ಏನು ತೊಂದರೆ ಎಂದು ಕೇಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆ ಮಾತ್ರೆಗಳಲ್ಲಿ ಒಂದಕ್ಕೆ ನರಕ್ಕೆ ಹೊಡೆಯುವ ಬುದ್ಧಿ ಉಂಟು. ಕಾಲು ಜೋಮು ಹಿಡಿಯಬಹುದು, ಕಣ್ಣು ಮಬ್ಬಾಗಬಹುದು. ಬೇಗ ತಿಳಿದರೆ ಅಳತೆ ತಗ್ಗಿಸಬಹುದು, ತಡವಾದರೆ ಹೋದ ಕಣ್ಣು ವಾಪಸು ಬರುವ ಭರವಸೆ ಇಲ್ಲ. ನಾಲ್ಕು ತಿಂಗಳು ಕೇಳಿದೆ ಮಾರಾಯ್ತಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನ್ನ ಪುಸ್ತಕದಲ್ಲಿ ಒಂದೇ ಮಾತು: ಆರಾಮ. ಎಂಬತ್ತನಾಲ್ಕು ಜನವೂ ಆರಾಮ!

ಖುಷಿಯಿಂದ ಹರಿಣಿಯ ಮುಂದೆ ಇಟ್ಟೆ. ಅವಳ ಮುಖ ಸಣ್ಣದಾಯಿತು. "ಬೇರೆ ಕಡೆ ಹತ್ತು ಜನರಲ್ಲಿ ಕೆಲವರಿಗಾದ್ರೂ ಕಾಲು ಜೋಮು ಬಂದಿದೆ ಅಕ್ಕಾ. ನಮ್ಮಲ್ಲಿ ಒಬ್ಬರಿಗೂ ಇಲ್ಲ ಅಂದ್ರೆ ಎಂತ? ಇವರೇನು ಕಬ್ಬಿಣದವರಾ? ನಮಗೆ ಕೇಳಿಸ್ತಾ ಇಲ್ಲ ಅಷ್ಟೆ" ಎಂದಳು. ಜುಲೈ ಕೊನೆಗೆ ಸುರಕ್ಷತಾ ಸಮಿತಿಯವರು ಬಂದು ಈ ಪುಸ್ತಕ ನೋಡುತ್ತಾರೆ. ಅದರಲ್ಲಿ ಸೊನ್ನೆ ಕಂಡರೆ, ಇಂಥವರಿಗೆ ಈ ಮದ್ದು ಏನೂ ಮಾಡುವುದಿಲ್ಲ, ಕಣ್ಣು ಕಾಲು ನೋಡುವ ಖರ್ಚು ಬೇಡ ಎಂದು ನಾಳೆ ಯಾರಾದರೂ ಬರೆದುಬಿಟ್ಟಾರು. ಅದು ಹರಿಣಿಯ ಭಯ. ಈಗ ನನ್ನದೂ.

ಅರ್ಧಕ್ಕರ್ಧ ಜನ ನಿಮ್ಮ ವಿಜಯಪುರ, ಕಲಬುರಗಿ ಕಡೆಯವರು. ನನ್ನ ಕನ್ನಡವನ್ನು ರೇಡಿಯೊ ವಾರ್ತೆ ಕೇಳಿದ ಹಾಗೆ ಕೇಳುತ್ತಾರೆ. ಅದರಲ್ಲೂ ರಿಹಾನ ಎಂದು ಒಂದು ಹುಡುಗಿ, ನಿನ್ನ ಗಲ್ಲಿಯವಳೇ, ಇಪ್ಪತ್ತು ವರ್ಷ, ಬಟ್ಟೆಗೆ ಕಸೂತಿ ಹಾಕುವವಳು. ಬಂದಾಗಲೆಲ್ಲ "ಆರಾಮ ಅದೀನ್ರಿ". ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಫಟಫಟನೆ ಓದುತ್ತಾಳೆ. ಆದರೆ ಕಳೆದ ಸಲ ಸಹಿ ಹಾಕುವಾಗ ಅವಳ ಪೆನ್ನು ಕಾಗದ ಬಿಟ್ಟು ಮೇಜಿನ ಮೇಲೆ ಹೋಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾ ಎಂದರೆ, ಕೆಲಸ ಅದ ಎಂದು ಓಡಿಹೋದಳು.

ನೀನು ಒಮ್ಮೆ ಅವಳನ್ನು ಮಾತಾಡಿಸು ರೋಷನ್. ನಮ್ಮ ಹಳೆಯದನ್ನು ಈಗ ಎತ್ತುವುದು ಬೇಡ. ಈ ಹುಡುಗಿಯ ಕಣ್ಣು ದೊಡ್ಡದು.

ಅಲ್ಲಾವುದ್ದೀನ ಭಾಯಿಯನ್ನೂ ಮಗಳು ಜೇಬುನ್ನೀಸಾಳನ್ನೂ ಕೇಳಿದೆನೆಂದು ಹೇಳು.

ವಾರಿಜಾ

* * *

ಧಾರಾವಿ
19 ಜೂನ್ 2024

ಸಿಸ್ಟರ್ ಅವರಿಗೆ ರೋಷನಬಿಯ ಸಲಾಂ.

ನಿಮ್ಮ ಕಾಗದ ಬಂತು. ಹರೀಲಿಲ್ಲ. ನಾ ಏಳನೇ ಇಯತ್ತೆ ಕಲಿತಾಕಿ, ತಪ್ಪಿದ್ರ ತಿದ್ದಿಕೊಂಡು ಓದ್ರಿ. ನನ್ನ ತಪ್ಪು ತಿದ್ದೂದು ನಿಮಗ ವಾರ್ಡಿನಿಂದ ರೂಢಿ ಐತಿ.

ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ. ಬರೇ ಸಿಟ್ಟಿಗೆ ಕಟ್ ಮಾಡಿಲ್ಲ ನಾ. ಫೋನಿನ್ಯಾಗ ನೀವು ಏನಂದ್ರಿ ಅನ್ನೂದು ನಮ್ಮವರಿಗೆ ಕೇಳಂಗಿಲ್ಲ. ಅವರನ್ನ ಹೊರಗಿಟ್ಟು ನಿಮ್ಮ ಜೋಡಿ ಮಾತಾಡೂದು ನನಗ ಬ್ಯಾಡ. ಬರದ್ರ ಅವರೂ ಓದತಾರ. ಈ ಕಾಗದಾನೂ ಓದಿದ್ರು. ಮಡಚಿ ಕಪಾಟಿನ್ಯಾಗ ಇಟ್ರು.

ಹಳೇದು ಎತ್ತೂದು ಬ್ಯಾಡ ಅಂತ ಬರದೀರಿ. ಎತ್ತಾವರು ಯಾರು ಸಿಸ್ಟರ್? ದಿನಾ ಮುಂಜಾನೆ ಅದು ನನ್ನ ಮನ್ಯಾಗ ತಾನ ಏಳತೈತಿ. ಹದಿನಾಲ್ಕು ವರ್ಷಾತು, ಅವರನ್ನ ಎಬ್ಬಸಬೇಕಂದ್ರ ಹೆಸರು ಕೂಗಂಗಿಲ್ಲ, ಹೆಗಲ ಅಳ್ಳಾಡಸತೀನಿ. ಟ್ಯಾಕ್ಸಿ ಹೊಡಿಯೂ ಮನಷ್ಯಾಗ ಹಾರ್ನ್ ಕೇಳಲಿಲ್ಲಂದ್ರ ಹೆಂಗ? ಟ್ಯಾಕ್ಸಿ ಹೋತು. ಈಗ ಹಳೇ ಪ್ಲಾಸ್ಟಿಕ್ ಆರಸೂ ಕೆಲಸ. ನಮ್ಮ ವಾರ್ಡಿನ್ಯಾಗ ಟಿ.ಬಿ.ಗೆ ಆ ಇಂಜೆಕ್ಷನ್ ನಡದಾಗ ಕಿವ್ಯಾಗ ಗುಂಯ್ ಅಂತೈತಿ ಅಂತ ಅವರು ನನಗ ಹೇಳಿದ್ರು, ನಾ ನಿಮಗ ಬಂದು ಹೇಳಿದೆ. "ಫ್ಯಾನಿನ ಸದ್ದು ಅದು, ಹೋಗು ಮಾರಾಯ್ತಿ" ಅಂದ್ರಿ. ನಿಮ್ಮ ಕಿವಿ ನೆಟ್ಟಗದಾವ, ಅದಕ ಹಳೇದು ಬ್ಯಾಡ ಅಂತೀರಿ.

ನಾ ಬರಂಗಿಲ್ಲ. ರಿಹಾನ ಮಂದಿ ಮಗಳು, ನಡುವ ನಾ ಯಾಕ ಹೋಗಲಿ?

ಆದ್ರ ನಿಮ್ಮ ಎಂಬತ್ನಾಲ್ಕು ಜನ ಆರಾಮ ಅನ್ನೂದು ಓದಿ ನನಗ ನಗಿ ತಡೀಲಿಲ್ಲ. ನೀವು ಹೆಂಗ ಕೇಳತೀರಿ ಅಂತ ನನಗ ಗೊತ್ತಿಲ್ಲೇನು? "ಏನೂ ತೊಂದರೆ ಇಲ್ಲ ತಾನೆ?" ಇಲ್ರಿ ಅಂದಾಂವಗ "ವೆರಿ ಗುಡ್ ಪೇಶಂಟ್!" ಅಂತ ಬೆನ್ನು ತಟ್ಟತೀರಿ. ಹಿಂಗ ಕೇಳಿದ್ರ ತೊಂದರಿ ಐತಿ ಅಂತ ಯಾವಾಂವ ಅಂದಾನು? ನಮ್ಮ ಮಂದ್ಯಾಗ ಹೆಂಗದೀರಿ ಅಂತ ಕೇಳಿದ್ರ ಆರಾಮ ಅನ್ನೂದು ಮರ್ಯಾದಿ. ಪುಕ್ಕಟ ಔಷಧ ಕೊಟ್ಟು, ಮ್ಯಾಲ ಶೇಂಗಾ ಬೆಲ್ಲದ ಪಾಕೀಟು ಕೊಡಾಕಿ ಮುಂದ ಅಯ್ಯ ನನ್ನ ಕಾಲು, ಅಯ್ಯ ನನ್ನ ಕಣ್ಣು ಅಂತ ಅಳೂದಂದ್ರ ಉಪಕಾರ ಮರತಂಗ.

ಹೆಂಗದೀರಿ ಅಂತ ಕೇಳಬ್ಯಾಡ್ರಿ. ಹೋದ ತಿಂಗಳ ನೀವು ಮಾಡತಿದ್ದ ಯಾವ ಕೆಲಸ ಈ ತಿಂಗಳ ಬ್ಯಾರೆಯವರು ಮಾಡಾಕತ್ತಾರ ಅಂತ ಕೇಳ್ರಿ. ಅದಕ ಸುಳ್ಳು ಹೇಳೂದು ಯಾರಿಗೂ ಹೊಳಿಯಂಗಿಲ್ಲ.

ಇಷ್ಟ.

ರೋಷನಬಿ

* * *

ವಿಲೆ ಪಾರ್ಲೆ ಪೂರ್ವ
3 ಜುಲೈ 2024

ರೋಷನಬಿ,

ನಿನ್ನ ಕಾಗದ ಓದಿ ಒಂದು ದಿನ ಉರಿದುಕೊಂಡು ಕೂತೆ. ಮೂವತ್ತಾರು ವರ್ಷ ನರ್ಸ್ ಆಗಿದ್ದವಳಿಗೆ ಪೇಶಂಟ್ ಹತ್ತಿರ ಮಾತಾಡುವುದನ್ನು ಆಯಾ ಕಲಿಸುವುದಾ ಎಂದು. ಎರಡನೇ ದಿನ ಕ್ಲಿನಿಕ್ಕಿನಲ್ಲಿ ನನ್ನ ಬಾಯಿಗೆ ನಾನೇ ಕಿವಿಕೊಟ್ಟೆ. ಅಯ್ಯೋ ದೇವರೇ! ಒಬ್ಬೊಬ್ಬರಿಗೂ "ಇಲ್ಲ ತಾನೆ?" ಎನ್ನುತ್ತಿದ್ದೇನೆ. ಬೆನ್ನನ್ನೂ ತಟ್ಟುತ್ತಿದ್ದೇನೆ. ನೀನು ಎಲ್ಲಿಂದಲೋ ಬಾಗಿಲ ಸಂದಿಯಲ್ಲಿ ನೋಡುತ್ತಿರುವ ಹಾಗೆ ನಾಚಿಕೆಯಾಯಿತು.

ಮೂರನೇ ದಿನ ನಿನ್ನ ಪ್ರಶ್ನೆ ಕೇಳಿದೆ. ಮೊದಲು ಸಿಕ್ಕಿದವನು ಸಂತು, ಚರ್ಮದ ಬ್ಯಾಗು ಹೊಲಿಯುವವನು, ಕಲಬುರಗಿ ಕಡೆಯವನು. ನಾಲ್ಕು ತಿಂಗಳಿಂದ ಆರಾಮ ಎಂದು ಬರೆಸಿದವನು. ತಲೆ ಕೆರೆದುಕೊಂಡು ಯೋಚಿಸಿದ. "ಕೆಲಸ ಯಾವದೂ ಬಿಟ್ಟಿಲ್ರಿ. ಮಿಷನ್ನಿನ ಪೆಡಲ್ ಅಷ್ಟ ಈಗ ನಮ್ಮ ತಮ್ಮ ತುಳೀತಾನ್ರಿ" ಎಂದ. ಯಾಕಪ್ಪಾ ಎಂದೆ. "ನಾ ತುಳದ್ರ ತುಳದೀನೋ ಇಲ್ಲೋ ಅಂತ ಕಾಲಿಗೆ ತಿಳಿಯಂಗಿಲ್ರಿ." ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಗದರಿದರೆ, ಅವನಿಗೇ ಆಶ್ಚರ್ಯ. "ನೀವು ತೊಂದರೆ ಕೇಳಿದ್ರಿ. ನನಗ ನೋವ ಇಲ್ಲಲ್ರಿ!"

ಜೋಮು ಹಿಡಿದ ಕಾಲು ನೋಯುವುದಿಲ್ಲ. ನೋವಿಲ್ಲದ್ದು ಅವನ ಪ್ರಕಾರ ತೊಂದರೆಯಲ್ಲ. ಇಷ್ಟು ಸಣ್ಣ ಸಂಗತಿ ನನಗೆ ತಿಳಿಯಲಿಲ್ಲ ನೋಡು.

ಆಮೇಲೆ ಮಹಾದೇವಿ ಬಂದಳು. ಮನೆಮನೆಗೆ ಹೋಗಿ ಪಾತ್ರೆ ತಿಕ್ಕುವವಳು. ಮಾರ್ಕೆಟಿಗೆ ಈಗ ಸೊಸೆ ಹೋಗುತ್ತಾಳಂತೆ. ಕಳೆದ ತಿಂಗಳು ಗಲ್ಲಿಯಲ್ಲಿ ಒಂದು ಚಪ್ಪಲಿ ಜಾರಿಹೋದದ್ದು ಗೊತ್ತಾಗದೆ ಮನೆಯವರೆಗೆ ನಡೆದು ಬಂದಿದ್ದಳು. ಮೊಮ್ಮಗಳು ನಕ್ಕಾಗಲೇ ಕೆಳಗೆ ನೋಡಿದ್ದು. ಅಂಗಾಲು ತಿರುಗಿಸಿ ನೋಡಿದೆ, ಗಾಜು ಚುಚ್ಚಿದ ಗಾಯ ಹಾಗೇ ಇತ್ತು. ಹೀಗೆ ಹತ್ತು ದಿನದೊಳಗೆ ಹದಿನೇಳು ಜನ ರೋಷನ್. ಹದಿನೇಳು!

ಹರಿಣಿ ಪುಸ್ತಕ ಓದುತ್ತಾ ಓದುತ್ತಾ ಎದ್ದು ನಿಂತಳು. "ಈ ಪ್ರಶ್ನೆ ಯಾರದ್ದು?" ಎಂದಳು. ನಮ್ಮ ಹಳೆ ಆಯಾಳದ್ದು ಎಂದೆ. ಅದೇ ದಿನ ಅದನ್ನು ಫಾರ್ಮಿನ ಮೊದಲ ಪ್ರಶ್ನೆ ಮಾಡಿ ಕನ್ನಡ, ಹಿಂದಿ, ಮರಾಠಿಯಲ್ಲಿ ಟೈಪ್ ಮಾಡಿಸಿದಳು. ಆರು ಜನರ ಮಾತ್ರೆಯ ಅಳತೆ ಆಗಲೇ ತಗ್ಗಿದೆ. ಈ ಹುಡುಗಿಯನ್ನು ನೀನು ನೋಡಬೇಕು. ಅಪ್ಪನಿಗೆ ಬಾಂದ್ರಾದಲ್ಲಿ ಹೋಟೆಲ್ ಉಂಟು, ಕಾರಿನಲ್ಲಿ ಬಂದು ಇಳಿಯಬಹುದು. ಇವಳು ಮೊನ್ನೆಯ ಮಳೆಗೆ ಮೊಣಕಾಲು ಮಟ್ಟ ನಿಂತ ನೀರಿನಲ್ಲಿ ಫೈಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ಮಾಹಿಮ್ ಸ್ಟೇಷನ್ನಿನಿಂದ ನಡೆದು ಬಂದಳು, ಯಾಕೆಂದರೆ ಅವತ್ತು ಹದಿಮೂರು ಜನ ಬರುವುದಿತ್ತು. ಇಂಥ ಡಾಕ್ಟರ ಕೈಕೆಳಗೆ ಕೆಲಸ ಮಾಡಲು ನನಗೆ ಅರವತ್ತನಾಲ್ಕು ವರ್ಷ ಆಗಬೇಕಾಯಿತು.

ರಿಹಾನಳಿಗೂ ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ "ನನ್ನ ಎಲ್ಲಾ ಕೆಲಸ ನಾನ ಮಾಡತೀನ್ರಿ" ಎಂದಳು. ನಿನ್ನ ಪ್ರಶ್ನೆಗೂ ಸುಳ್ಳು ಹೇಳುವವಳು ಅವಳೊಬ್ಬಳೇ. ಅವಳ ಮಾತ್ರೆ ಇನ್ನೂ ಮೂರು ತಿಂಗಳಿಗೆ ಸ್ವಲ್ಪ ಕಡಿಮೆ ಉಂಟು. ಅಷ್ಟರಲ್ಲಿ ಕಣ್ಣು ಏನಾಗುವುದೋ! ಕೈಮುಗಿದು ಕೇಳುತ್ತೇನೆ, ಒಮ್ಮೆ ಹೋಗು.

ಫ್ಯಾನಿನ ಮಾತು ಬರೆದಿದ್ದಿ. ಅದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ನಾನೇ ಹರಿದೆ.

ವಾರಿಜಾ

* * *

ಧಾರಾವಿ
13 ಜುಲೈ 2024

ಸಿಸ್ಟರ್,

ಈ ಕಾಗದ ಅಂಚೀಗೆ ಹಾಕಿಲ್ಲ. ತಡಾ ಮಾಡೂ ಹೊತ್ತಲ್ಲ ಇದು. ನಮ್ಮವರ ಕೈಯಾಗ ಕಳಸೀನಿ, ನಿಮ್ಮ ಬಿಲ್ಡಿಂಗ್ ಅವರಿಗೆ ನೆನಪೈತಿ. ಬೆಲ್ ಹೊಡದ್ರ ಲಗೂನ ಬಾಗಲಾ ತೆಗೀರಿ.

ಬುಧವಾರ ರಿಹಾನಳ ಮನಿಗೆ ಹೋಗಿದ್ದೆ. ಏನೂ ಕೇಳಲಿಲ್ಲ. ಬಾಜೂಕ ಕುಂತು ಅರ್ಧಾ ತಾಸು ನೋಡಿದೆ. ಬಿಳೀ ದುಪಟ್ಟಾ ಚೌಕಟ್ಟಿಗೆ ಬಿಗದು ಕೆಂಪು ಗುಲಾಬಿ ಹಾಕಾಕತ್ತಿದ್ಳು. ಸೂಜ್ಯಾಗ ದಾರ ಅವ್ವ ಪೋಣಿಸಿ ಕೊಡತಿದ್ಳು. ಕೆಂಪು ದಾರ ಬೇಕಾದಾಗ ತಂಗೀನ್ನ ಕರದು ಆರಸಾಕ ಹಚ್ಚತಿದ್ಳು. ತಂಗಿ ಸಾಲಿಗೆ ಹೋದ ಹೊತ್ತಿನ್ಯಾಗ ಹಾಕಿದ ಎರಡು ಹೂ ಕೆಂಪಲ್ಲ, ಕೇಸರಿ ಆಗಿದ್ದುವು. ನಾ ಅದರ ಮ್ಯಾಲ ಬೆರಳಿಟ್ಟೆ. ಅಕಿ ಸೂಜಿ ಕೆಳಗಿಟ್ಳು.

"ಚಾಚಿ, ಸಿಸ್ಟರ್‌ಕು ನಕ್ಕೋ ಬೋಲೋ" ಅಂತ, ನಿಮಗ ಹೇಳಬ್ಯಾಡ ಅಂತ, ಕಾಲ ಹಿಡಕೊಂಡ್ಳು. ಹೇಳಿದ್ರ ಔಷಧ ನಿಲ್ಲಸತಾರ, ನನ್ನ ಅಕ್ಕ ನಡುವ ಔಷಧ ನಿಂತು ಸತ್ತಳು, ಕಣ್ಣು ಹೋದ್ರ ಹೋಗಲಿ ಜೀವ ಉಳೀಲಿ ಅಂದ್ಳು. ಗ್ವಾಡಿ ಮ್ಯಾಲಿನ ನಿಮ್ಮ ಅಕ್ಷರ ಎಲ್ಲಾ ಬಾಯಿಪಾಠ ಮಾಡ್ಯಾಳ. ನನ್ನ ಕೈ ತನ್ನ ತಲಿ ಮ್ಯಾಲ ಇಟಗೊಂಡು ಆಣಿ ಮಾಡಿಸಿದ್ಳು. ನಾ ಹೂಂ ಅಂದು ಬಂದೆ.

ಎರಡು ದಿನ ನಿಮಗ ಬರೀಲಿಲ್ಲ. ಹೇಳಿದ್ರ ಹುಡುಗಿ ಸತ್ತಾಳು, ಹೇಳಲಿಲ್ಲಂದ್ರ ಕುರುಡಿ ಆದಾಳು. ರೊಟ್ಟಿ ಬಡಿಯೂಮುಂದೂ ಅದ, ನೀರು ತುಂಬೂಮುಂದೂ ಅದ. ಆ ಎರಡು ದಿನ ನಾ ನಿಮ್ಮ ಜಾಗಾದಾಗ ಕುಂತಿದ್ದೆ ಸಿಸ್ಟರ್. ಫ್ಯಾನಿನ ಸದ್ದು ಅಂದಾಗ ನೀವೂ ಹಿಂಗ ಅಂಜಿದ್ರೇನೋ ಅನಸ್ತು. ಹದಿನಾಲ್ಕು ವರ್ಷ ನಿಮ್ಮನ್ನ ಬೈಯೂದು ಬಾಳ ಹಗೂರ ಇತ್ತು. ನೀವು ಮಾಡಿದ್ದು ಬರೋಬ್ಬರಿ ಅಂತ ನಾ ಅನ್ನಾಕತ್ತಿಲ್ಲ. ಅದರ ಭಾರ ಎಷ್ಟಿರತೈತಿ ಅಂತ ತಿಳೀತು, ಅಷ್ಟ.

ಇಂದು ಮುಂಜಾನೆ ನಮ್ಮವರಿಗೆ ಸ್ಲೇಟಿನ ಮ್ಯಾಲ ಬರದು ಎಲ್ಲಾ ಹೇಳಿದೆ. ಅವರು ಅದನ್ನ ಎರಡು ಸಲ ಓದಿ, "ಹುಡುಗೀಗೆ ಎಲ್ಲಾ ಬಿಡಿಸಿ ಹೇಳಿ, ನಿನಗೇನು ಬೇಕು ಅಂತ ಯಾರರ ಕೇಳ್ಯಾರೇನು?" ಅಂದ್ರು. ಎದ್ದು ಅಂಗಿ ಹಾಕ್ಕೊಂಡು ನಿಂತ್ರು.

ಆಣಿ ಮುರದೀನಿ. ಔಷಧ ನಿಲ್ಲಸೂದಿದ್ರ ಅಕೀನ್ನ ಕೇಳಿ ನಿಲ್ಲಸ್ರಿ.

ರೋಷನಬಿ

* * *

ವಿಲೆ ಪಾರ್ಲೆ ಪೂರ್ವ
16 ಜುಲೈ 2024

ರೋಷನ್,

ಬಾಗಿಲು ತೆಗೆದರೆ ಅಲ್ಲಾವುದ್ದೀನ ಭಾಯಿ. ಗಡ್ಡ ಬೆಳ್ಳಗಾಗಿದೆ, ನಿಲ್ಲುವ ರೀತಿ ಅದೇ. ನಾನು ಗಾಬರಿಯಲ್ಲಿ "ಬನ್ನಿ ಬನ್ನಿ, ಮಳೆಯಲ್ಲಿ ಹೇಗೆ ಬಂದಿರಿ, ಕೂತುಕೊಳ್ಳಿ, ಹೇಗಿದ್ದೀರಿ" ಎಂದು ಒಂದೇ ಸಮ ಮಾತಾಡಿದೆ. ಆಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಆರಾಮ ಅದೀನ್ರಿ ಸಿಸ್ಟರ್" ಎಂದರು, ಎಷ್ಟು ದೊಡ್ಡ ಸ್ವರದಲ್ಲೆಂದರೆ ಎದುರು ಮನೆಯವರು ಬಾಗಿಲು ತೆಗೆದು ನೋಡಿದರು. ಎಂಬತ್ತೈದನೆಯ ಆರಾಮ. ಅಲ್ಲೇ ಹೊಸ್ತಿಲಲ್ಲಿ ನಾನು ಅತ್ತುಬಿಟ್ಟೆ.

ಅವರು ಚಹಾ ಕುಡಿಯಲಿಲ್ಲ. ಕಾಗದ ತೋರಿಸಿ, ಮೊದಲು ಓದು ಎಂದು ಕೈ ಮಾಡಿದರು. ಓದಿ ಚಪ್ಪಲಿ ಮೆಟ್ಟಿದೆ. ಇಬ್ಬರೂ ಒಂದೇ ಲೋಕಲ್‌ನಲ್ಲಿ ಬಂದೆವು.

ಮಿಕ್ಕಿದ್ದು ನೀನೇ ನೋಡಿದ್ದಿ, ನೀನೇ ರಿಹಾನಳನ್ನು ಕೈಹಿಡಿದು ಕ್ಲಿನಿಕ್ಕಿಗೆ ಕರೆತಂದಿ. ಆದರೂ ಬರೆಯುತ್ತೇನೆ, ಭಾಯಿ ಓದಲಿ. ಹರಿಣಿ ಗೋಡೆಯ ಅಕ್ಷರ ಓದಿಸಲಿಲ್ಲ. ಪೆನ್ನಿನ ಕೆಂಪು ಮುಚ್ಚಳ ಹಿಡಿದು, ಯಾವ ಬಣ್ಣ ಎಂದಳು. ರಿಹಾನ ಸುಮಾರು ಹೊತ್ತು ನೋಡಿ "ಇಟ್ಟಂಗಿ ಬಣ್ಣ" ಎಂದಳು. ಆಮೇಲೆ ತಲೆ ತಗ್ಗಿಸಿದಳು. ಹರಿಣಿ ಒಂದು ಮಾತು ಬೈಯಲಿಲ್ಲ. ಕುರ್ಚಿ ಬಿಟ್ಟು ಕೆಳಗೆ ಕೂತು, ನಾಲ್ಕು ಮಾತ್ರೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. "ಕಣ್ಣಿಗೆ ಹೊಡೀತಾ ಇರೋದು ಇದೊಂದೇ. ಈ ಮೂರು ನಿನ್ನ ಜೀವ ಕಾಯ್ತವೆ, ಅವು ನಿಲ್ಲೋದಿಲ್ಲ. ಇದನ್ನು ಬಿಡಬಹುದು. ಬಿಟ್ರೆ ರೋಗ ಮರಳಿ ಬರೋ ಭಯ ಸ್ವಲ್ಪ ಹೆಚ್ಚು, ಅದಕ್ಕೆ ತಿಂಗಳು ತಿಂಗಳು ಕಫ ಪರೀಕ್ಷೆ ಮಾಡ್ತೇನೆ. ಬಿಡದಿದ್ರೆ ಕಣ್ಣು ಹೋಗೋ ಭಯ ತುಂಬ ಹೆಚ್ಚು. ನಿನ್ನ ಅಕ್ಕನಿಗೆ ಎಲ್ಲವೂ ನಿಂತಿತ್ತು, ನಿನಗೆ ಹಾಗಾಗೋದಿಲ್ಲ. ಈಗ ನೀನು ಹೇಳು" ಎಂದಳು.

ಆ ಹುಡುಗಿ ಮೂರು ಪ್ರಶ್ನೆ ಕೇಳಿದಳು. ಮೂರೂ ದೊಡ್ಡ ಡಾಕ್ಟರು ಕೇಳುವಂಥವು. ಎಲ್ಲ ಕೇಳಿಕೊಂಡು ತಾನೇ ಕೈ ಚಾಚಿ ಆ ಒಂದು ಮಾತ್ರೆಯನ್ನು ಬದಿಗೆ ಸರಿಸಿದಳು. ನಿನ್ನೆ ಕಣ್ಣಿನ ಡಾಕ್ಟರು ನೋಡಿ, ಸರಿಯಾದ ಹೊತ್ತಿಗೆ ತಂದಿರಿ ಎಂದರು. ಎಂಥ ಹುಡುಗಿ ಅವಳು ರೋಷನ್! ಎಂಥವಳು ನೀನು!

ಈಗ ನನ್ನದು. ನಾಲ್ಕನೇ ಸಲ ಕೂತಿದ್ದೇನೆ, ಇದನ್ನು ಹರಿಯುವುದಿಲ್ಲ. ಭಾಯಿ, ಇದು ನಿಮಗೆ.

2010ರ ನವೆಂಬರ್, ನಿಮ್ಮದು ಹನ್ನೊಂದನೇ ಮಂಚ. ರೋಷನ್ ಬಂದು ಕಿವಿಯ ಮಾತು ಹೇಳಿದಾಗ ಅದು ಫ್ಯಾನಿನ ಸದ್ದಲ್ಲವೆಂದು ನನಗೆ ಗೊತ್ತಿತ್ತು. ಆ ಇಂಜೆಕ್ಷನ್ ಕಿವಿ ತಿನ್ನುತ್ತದೆಂದು ಗೊತ್ತಿತ್ತು. ನಿಮ್ಮ ಸಾಲಿನಲ್ಲಿ ಆ ವರ್ಷ ಮೂರು ಜನ ಸತ್ತಿದ್ದರು. ನಾನು ಬರೆದರೆ ಡಾಕ್ಟರು ಇಂಜೆಕ್ಷನ್ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ನೀವು ನಾಲ್ಕನೆಯವರು ಎಂದು ಹೆದರಿದೆ. ಚಾರ್ಟಿನಲ್ಲಿ "ತೊಂದರೆ ಇಲ್ಲ" ಎಂದು ಬರೆದೆ. ಹೀಗೆ ಎರಡು ತಿಂಗಳು ಬರೆದೆ. ನಿಮ್ಮ ಜೀವ ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡು ಹದಿನಾಲ್ಕು ವರ್ಷ ಮಲಗಿದೆ. ಉಳಿಸಿದೆನೋ ಏನೋ, ದೇವರಿಗೆ ಗೊತ್ತು. ಆದರೆ ಕಿವಿ ನಿಮ್ಮದು. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಮೊನ್ನೆ ಹರಿಣಿ ನೆಲದ ಮೇಲೆ ಕೂತಾಗ, ಆಗ ನಾನು ಎಲ್ಲಿ ಕೂರಬೇಕಿತ್ತು ಎಂದು ಗೊತ್ತಾಯಿತು.

ತಪ್ಪಾಯಿತು. ಕ್ಷಮಿಸಿ ಎಂದು ಕೇಳುವ ಮುಖ ಇಲ್ಲ. ಹೇಳದೆ ಸಾಯಬಾರದೆಂದು ಹೇಳಿದ್ದೇನೆ.

ವಾರಿಜಾ

* * *

ಧಾರಾವಿ
29 ಸೆಪ್ಟೆಂಬರ್ 2024

ವಾರಿಜಾ ಸಿಸ್ಟರ್ ಅವರಿಗೆ ಅಲ್ಲಾವುದ್ದೀನನ ಸಲಾಂ.

ನಾ ಕಾಗದ ಬರಿಯಾಂವ ಅಲ್ಲ. ನಿಮ್ಮ ಕಾಗದ ಓದಿ ಎರಡೂವರೆ ತಿಂಗಳಾತು. ರೋಷನ್ ಈಗ ನಿಮ್ಮ ಕ್ಲಿನಿಕ್ಕಿನ್ಯಾಗ ದಿನಾ ನಿಮ್ಮ ಬಾಜೂಕ ಕುಂಡ್ರತಾಳ, ಪ್ರಶ್ನೆ ಕೇಳತಾಳ. ನೀವಿಬ್ಬರೂ ಎಲ್ಲಾ ಮಾತಾಡತೀರಂತ, ಇದೊಂದು ಬಿಟ್ಟು. ನನ್ನ ಮಾತು ಬರಲಿ ಅಂತ ಕಾದೀರಿ ಅಂತ ತಿಳಕೊಂಡೀನಿ.

ನಿಮ್ಮ ಪುಸ್ತಕದಾಗ ಕಡೀಕ ತೊಂದರಿ ಇದ್ದಾವರ ಹೆಸರು ಇಪ್ಪತ್ತಾರು ಆದುವಂತ. ಇಂಥಾ ಮಂದೀಗೆ ಈ ಔಷಧ ಕೊಟ್ರ ಹದಿನೈದು ದಿನಕ್ಕೊಮ್ಮೆ ಕಣ್ಣು ಕಾಲು ನೋಡಲೇಬೇಕು, ಆ ಪ್ರಶ್ನೆ ಕೇಳಲೇಬೇಕು ಅಂತ ಸಮಿತಿಯವರು ಬರದು ಕೊಟ್ರಂತ. ರೋಷನ್ ಸ್ಲೇಟಿನ ಮ್ಯಾಲ ಅದನ್ನ ಎಷ್ಟು ದೊಡ್ಡ ಅಕ್ಷರದಾಗ ಬರದ್ಳು ಅಂದ್ರ ಸ್ಲೇಟು ತುಂಬೇಬಿಡ್ತು. ನಿನ್ನೆ ರಿಹಾನಳ ಕಡೀ ಮಾತ್ರಿ ಮುಗೀತು. ಮಿಠಾಯಿ ಕೊಡಾಕ ಬಂದಿದ್ಳು. ನಮ್ಮ ಕಾರಖಾನ್ಯಾಗಿನ ಬಾಟಲಿ ಮುಚ್ಚಳ ಒಂದು ಮುಷ್ಟಿ ಮುಂದ ಸುರುವಿದೆ. ಕೆಂಪು ಎಲ್ಲಾ ಬ್ಯಾರೆ ತಗದು ಇಟ್ಳು, ಕೇಸರಿ ಒಂದೂ ಬೆರೀಲಿಲ್ಲ. ನೀವು, ನಿಮ್ಮ ಡಾಕ್ಟರು, ನನ್ನ ರೋಷನ್ ಮಾಡಿದ ಕೆಲಸ ಇದು. ನನಗ ಬಾಳ ಹೆಮ್ಮಿ ಆತು.

ನೀವು ಅಂದು ನನ್ನ ಕೇಳಿದ್ರ ನಾ ಏನಂತಿದ್ದೆ? ಇದನ್ನ ಎರಡೂವರೆ ತಿಂಗಳ ವಿಚಾರ ಮಾಡಿದೆ. ಇಂಜೆಕ್ಷನ್ ಹಾಕ್ರಿ ಅಂತಿದ್ದೆ. ಖರೇ ಹೇಳತೀನಿ. ಜೀವ ಬೇಕಾಗಿತ್ತು, ಮಗಳು ಸಣ್ಣಾಕಿ ಇದ್ದಳು. ಕಿವಿ ಕೊಡತಿದ್ದೆ. ಅದಕ ಆ ಭಾರ ನೀವು ಇಳಸ್ರಿ.

ಆದ್ರ ಸಿಸ್ಟರ್, ಹೇಳಿದ್ರ ಕಿವಿ ಪೂರ್ತಿ ಹೋಗೂ ಮೊದಲ ನನಗ ಎರಡು ತಿಂಗಳ ಸಿಗತಿತ್ತು. ಆ ಎರಡು ತಿಂಗಳ ನಾ ಕೇಳತಿದ್ದೆ. ನನ್ನ ಟ್ಯಾಕ್ಸಿ ಇಂಜಿನ್ ಒಮ್ಮಿ ಚಾಲೂ ಮಾಡಿ ಕೇಳತಿದ್ದೆ. ರೋಷನ್ ಬೈಯೂದು ಕೇಳತಿದ್ದೆ, ಬೇಕಂತ ಸಿಟ್ಟು ಬರಸಿ. ನನ್ನ ಮಗಳು ಜೇಬು ಆಗ ಏಳು ವರ್ಷದಾಕಿ, ಮುಂದಿನ ಹಲ್ಲು ಬಿದ್ದಿದ್ದುವು. ಆಸ್ಪತ್ರೀಗೆ ಬಂದಾಗ ಮಂಚದ ಬಾಜೂಕ ನಿಂತು ಬಾಯಿ ಹರಕೊಂಡು ಮಾತಾಡತಿದ್ಳು. ತಲಿ ನೋಯತೈತಿ, ಸುಮ್ಮನಿರು ಅಂತಿದ್ದೆ ನಾ. ಗೊತ್ತಿದ್ರ ಸುಮ್ಮನಿರು ಅಂತಿರಲಿಲ್ಲ. ನನಗ ಸಿಟ್ಟು ಇರೂದು ಅದೊಂದಕ್ಕ.

ಜೇಬುಗ ಈಗ ಇಪ್ಪತ್ತೊಂದು. ಸಾಲ್ಯಾಗ ಮಕ್ಕಳಿಗೆ ಕಲಸತಾಳ. ಆ ಸಣ್ಣ ದನಿ ನನ್ನ ತಲ್ಯಾಗ ಇನ್ನೂ ಐತಿ, ದೊಡ್ಡಾಕಿ ದನಿ ನಾ ಕೇಳೇ ಇಲ್ಲ. ಹೆಂಗೈತಿ ಅಂತ ರೋಷನ್‌ನ ಕೇಳಿದ್ರ "ಚಲೋ ಐತಿ" ಅಂತ ಬರೀತಾಳ. ಹದಿನಾಲ್ಕು ವರ್ಷದಿಂದ ಅದ, ಚಲೋ ಐತಿ.

ನೀವು ಪೇಶಂಟ್ ಬಾಜೂಕ ಕುಂತು, ಕೇಳಿ ಬರಿಯಾವರು. ಬರೂ ರವಿವಾರ ಮನಿಗೆ ಬರ್ರಿ. ರೋಷನ್ ಬಿರ್ಯಾನಿ ಮಾಡತಾಳ, ಶಾಕಾಹಾರಿ ಮಾಡೂದಾದ್ರ ಮೊದಲ ತಿಳಸ್ರಿ. ನನ್ನ ಮಗಳನ್ನ ಮುಂದ ಕುಂಡರಸಿಕೊಂಡು ಮಾತಾಡಸ್ರಿ. ಅಕಿ ದನಿ ಹೆಂಗೈತಿ, ದಪ್ಪ ಐತೋ ಸಣ್ಣ ಐತೋ, ನಕ್ಕಾಗ ಹೆಂಗಾಗತೈತಿ, ಅಬ್ಬಾ ಅಂತ ನನ್ನ ಕರದಾಗ ಹೆಂಗಾಗತೈತಿ, ಎಲ್ಲಾ ಬರದು ನನ್ನ ಕೈಯಾಗ ಕೊಡ್ರಿ.

ಈ ಸಲ ಖರೇ ಬರೀರಿ.

ನಿಮ್ಮ,
ಅಲ್ಲಾವುದ್ದೀನ